ಪಾಸ್ ಕೊಡದವನ ಕಾಲು

ಆಸ್ಪತ್ರೆಯ ಎಕ್ಸ್‌-ರೇ ಕೋಣೆಯ ಮುಂದೆ ಸರದಿಗೆ ಕಾಯುತ್ತಿದ್ದ ದರ್ಜಿಯಮ್ಮನ ಪಕ್ಕದಲ್ಲೇ ಇಬ್ಬರು ಫುಟ್‌ಬಾಲ್ ಗೆಳೆಯರು ಕಿತ್ತಾಡುತ್ತಿದ್ದರು. ಒಬ್ಬನ ಕಾಲು ಊದಿಕೊಂಡಿತ್ತು.

“ಗೋಲಿನ ಮುಂದೆ ಒಬ್ಬನೇ ನಿಂತಿದ್ದೆ. ಯಾಕೋ ಪಾಸ್ ಕೊಡ್ಲಿಲ್ಲ?”

“ಆ ಪಕ್ಷಕ್ಕೆ ಓಟು ಹಾಕಿದೋನಿಗೆ ನಾನ್ಯಾಕೆ ಕೊಡ್ಲಿ?” ಎಂದ ಕಾಲು ಊದಿದವನು.

“ಅದಕ್ಕೆ ಮೂರು ಜನರ ಮಧ್ಯೆ ಒಬ್ಬನೇ ನುಗ್ಗಿ ಕಾಲು ಮುರ್ಕೊಂಡ್ಯಾ?”

“ದೇಶಾನೇ ಮುರಿದಿದ್ದೀರಿ, ನನ್ ಕಾಲೇನು ಮಹಾ!”

“ನಿಮ್ಮೋರು ಹತ್ತು ವರ್ಷ ಕೂತು ಏನ್ ಕಡಿದು ಗುಡ್ಡೆ ಹಾಕಿದ್ರೋ?”

ನರ್ಸ್ ಬಂದು ಕರೆದಳು. ಗಾಲಿಕುರ್ಚಿ ಕೆಟ್ಟು ಆರು ತಿಂಗಳಾಯಿತು ಎಂದಳು.

“ನೋಡಿದ್ಯಾ ನಿಮ್ಮ ಸರ್ಕಾರ!”

“ಬಾಯ್ಮುಚ್ಚಿ ಬೆನ್ನು ಹತ್ತೋ!” ಎಂದು ಗೆಳೆಯ ಬಗ್ಗಿ ಕೂತ.

ದರ್ಜಿಯಮ್ಮ ಎದ್ದು ಬಾಗಿಲು ಹಿಡಿದಳು. ಬೆನ್ನೇರಿದವನು ಅವನ ಕುತ್ತಿಗೆ ತಬ್ಬಿಕೊಂಡೇ ಕಿರುಚಿದ: “ಮುಂದಿನ ಭಾನುವಾರಾನೂ ಪಾಸ್ ಕೊಡಲ್ಲ!”

“ಮೊದ್ಲು ನೆಟ್ಟಗೆ ನಿಂತ್ಕೊಳ್ಳೋ. ಆಮೇಲೆ ಕೊಡದೆ ಇರು!”