ಮೇಚೇರಿ ಬಸ್ ಸ್ಟ್ಯಾಂಡಿನಿಂದ ಬಂದ ಕನ್ನಡ

"ಹಲೋ... ಯಾರು? ಯಾರ್ ಮಾತಾಡ್ತಿರೋದು?..."

ಗುರುತಿಲ್ಲದ ನಂಬರು. ಕಲೈವಾಣಿ ಮಗ್ಗ ನಿಲ್ಲಿಸಿ ಲಾಳಿಯನ್ನು ಮಡಿಲಿಗೆ ಹಾಕಿಕೊಂಡಳು.

"ಹಾಂ?... ಸತ್ಯಾನಾ? ನನ್ ಮಗ್ಳಾ? ಅವ್ಳ ನಂಬರ್ ನಂಗೆ ಗೊತ್ತೈತಮ್ಮಾ... ಚಾರ್ಜ್ ಇಲ್ವಾ? ಎಲ್ಲಾ ಕಳ್ರೂ ಇಂಗೇ ಏಳೋದು..."

ದನಿಯೇನೋ ಮಗಳದೇ. ಆದರೆ ದನಿಯನ್ನೇ ಕದ್ದು ಮಾತಾಡುವವರಿದ್ದಾರೆ ಎಂದು ಮೊನ್ನೆ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು. ಅಲ್ಲದೆ, ತಾಯಿ ಕನ್ನಡದಲ್ಲಿ ಏನು ಕೇಳಿದರೂ, ಈ ತಮಿಳು ಸೀಮೆಯಲ್ಲೇ ಹುಟ್ಟಿ ಬೆಳೆದ ಸತ್ಯಾ ಉತ್ತರ ಕೊಡುತ್ತಿದ್ದುದು ತಮಿಳಿನಲ್ಲಿ. ಇವಳದು ಇಸ್ತ್ರಿ ಮಾಡಿದಂಥ ಕನ್ನಡ!

"ಏನಂದೆ? 'ದಯವಿಟ್ಟು ಅಣ್ಣನನ್ನು ಕಳಿಸು'ನಾ? ಯಾವ ಮಗ್ಳು ತಾಯಿ ಅತ್ರ ದಯವಿಟ್ಟು ಅಂತಾಳೆ? ನಮ್ಮನೇಲಿ ಆ ಮಾತೇ ಇಲ್ಲ. ಬೆಂಗ್ಳೂರವಳಾ ನೀನು?..."

"ನನ್ ಮಗ ಮುನಿರಾಜ್ ಮೇಚೇರಿಗೆ ಬರ್ಬೇಕಾ? ಯಾಕೆ, ಗಂಡಾಳು ಆಚೆ ಓದ್ಮೇಲೆ ಮನೆಗೆ ನುಗ್ಗಕ್ಕಾ?..."

"ಅಳ್ಬೇಡ, ನಾಟ್ಕ ಬೇಡ. ಸತ್ಯಾನೇ ಆದ್ರೆ ದಿನಾ ಬಯ್ಯೋ ಅಂಗೆ ತಮಿಳ್ನಲ್ಲಿ ಒಂದ್ಸಲ ಬಯ್ಯಿ ನೋಡಾಣ... ಆಗಲ್ವಾ? ಸಿಕ್ಕಾಕೊಂಡೆ ನೋಡು!..."

"ಬೆಳಗ್ಗೆ ಏನು? ಬೆಳಗ್ಗೆ ಏನಾಯ್ತು, ನೀನೇ ಏಳು..."

ಆ ಕಡೆಯವಳು ಬೆಳಗಿನ ಜಗಳವನ್ನು ಒಂದು ಮಾತೂ ಬಿಡದೆ ಹೇಳಿದಳು. ಬೆಂಗಳೂರಿನ ಹುಡುಗಿಯರ ರೀಲ್ಸ್ ನೋಡಿ ಅವರಂತೆಯೇ ಉಲಿಯುತ್ತಿದ್ದ ಮಗಳಿಗೆ, 'ಮನೆಮಾತು ನಾಚಿಕೆಯಾ, ಫೋನಿನ ಮಾತು ಚೆಂದವಾ?' ಎಂದು ಕಲೈವಾಣಿ ಬೈದದ್ದು ಅಡುಗೆಮನೆಯ ಗೋಡೆ ದಾಟಿರಲಿಲ್ಲ.

"ಲೇ ಸತ್ಯಾ... ನೀನೇನಾ ಕಣೆ? ತಮಿಳ್ ಯಾಕಾಗಲ್ಲ?... ಹಾಂ?... ಯಾವನು? ಯಾವನೋ ತಮಿಳವ್ನಾ? ಮೆಟ್ಟೂರಿಂದ್ಲೇ ಬಸ್ನಾಗೆ ಇಂದೆ ಬಂದ್ನಾ? ಈಗ ಎಲ್ಲವ್ನೆ?... ಪಕ್ಕದಾಗೇನಾ? ನೀ ಮಾತಾಡೋದು ಕೇಳಿಸ್ಕಂತಾವ್ನಾ?..."

ಮಡಿಲಿನ ಲಾಳಿ ನೆಲಕ್ಕೆ ಬಿದ್ದು ಉರುಳಿತು.

"ಮುನಿರಾಜೂ! ಗಾಡಿ ತೆಗಿಲಾ! ಮೇಚೇರಿ ಬಸ್ ಸ್ಟ್ಯಾಂಡು... ತಂಗಿ ಅವ್ಳೆ ಅಲ್ಲಿ, ಸೀಕ್ರಂ ಓಗು!..."

"ಸತ್ಯಾ, ಅಣ್ಣ ಒಂಟ. ಫೋನ್ ಯಾರ್ದು?... ಹೂ ಮಾರೋ ಅಕ್ಕಂದಾ? ಅವ್ಳ ಪಕ್ಕಾನೇ ಕುಂತ್ಕೊ, ಅಲ್ಲಾಡ್ಬೇಡ. ನಾನು ಪಾವಿ, ಪಾಪಿ ಕಣೆ, ಎಷ್ಟೊತ್ತು ಮಾಡ್ಬಿಟ್ಟೆ..."

"ಮಾತಾಡ್ತಾ ಇರು. ಅವ್ನಿಗೆ ಕನ್ನಡ ತಿಳಿಯಲ್ಲ ಅಲ್ವಾ? ಆ ರೀಲ್ಸ್ ಕನ್ನಡಾನೇ ಆಡು, ನಾ ಬಯ್ಯಲ್ಲ... ಏನು? ಅಕ್ಕ ಫೋನ್ ಕೇಳ್ತಾವ್ಳಾ? ಇನ್ನೊಂಚೂರು ಕಣೆ. ಇಡ್ಬೇಡ... ಸತ್ಯಾ... ದಯವಿಟ್ಟು..."

ಲೈನು ಕಡಿದುಹೋಯಿತು.