ಹೇಯ್ಕಾನ ಬೂಟಿನ ಹುಲ್ಲು

ಬಾಗಿಲು ಹಾಕಿ ಬನ್ನಿ. ಕಾಫಿ ಆಮೇಲೆ ಕುಡಿಯೋಣ. ಇದು ಯಾರೋ ಯಾರಿಗೋ ಹೇಳಿದ್ದಲ್ಲ, ನನ್ನ ಸ್ವಂತ ಚಿಕ್ಕಮ್ಮನ ಮಗಳು ಸಿಗ್ಗಾಳಿಗೆ ಆದದ್ದು. ನಗೋರು ಈಗಲೇ ಎದ್ದು ಹೋಗಿ. ನಡುವೆ ನಕ್ಕರೆ ನಾನು ಸುಮ್ಮನಿರೋಳಲ್ಲ.

ಹೊತ್ತು ಮಧ್ಯಾಹ್ನ ಮೂರು. ಉತ್ತರ ಧ್ರುವಕ್ಕೆ ಹತ್ತಿರದ ನಮ್ಮ ಕಡೆ ಡಿಸೆಂಬರಿನಲ್ಲಿ ಅದೇ ನಡುರಾತ್ರಿ. ಸಿಗ್ಗಾ ಕೆಲಸ ಮುಗಿಸಿ ಒಬ್ಬಳೇ ಕೆರೆಯ ದಾರಿ ಹಿಡಿದಿದ್ದಳು. ಕಾಲಡಿ ಹಿಮ ಕರ್... ಕರ್... ಪಕ್ಕದಲ್ಲಿ ಯಂತ್ರದ ಮನೆಯ ಫ್ಯಾನುಗಳು ಒಂದೇ ಸಮ ಹೂಂ ಅನ್ನುತ್ತಿದ್ದವು.

ಆ ಮನೆ ಗೊತ್ತಲ್ಲ? ಲೋಕದ ಜನರ ಫೋಟೊ, ಪತ್ರ, ಜಗಳ ಎಲ್ಲ ಅಲ್ಲಿನ ಕಂಪ್ಯೂಟರುಗಳ ಹೊಟ್ಟೆಯಲ್ಲಿ. ಕಾದು ಕೆಂಡವಾಗುವ ಅವನ್ನು ತಣಿಸೋಕೆ ನಮ್ಮ ಚಳಿ ಬೇಕು, ಓಡಿಸೋಕೆ ನಮ್ಮ ಹೊಳೆಯ ಕರೆಂಟು ಬೇಕು. ಕರೆಂಟು ಜಾಸ್ತಿ ಬೇಕಾದ ದಿನ ಅಣೆಕಟ್ಟಿನವರು ಕೆರೆಯಿಂದ ನೀರು ಬಿಡುತ್ತಾರೆ. ಕೆರೆಯ ನೀರು ಇಳಿಯುತ್ತೆ, ಮೇಲಿನ ಮಂಜುಗಡ್ಡೆ ಹಾಗೇ ನಿಂತಿರುತ್ತೆ. ಒಳಗೆ ಬರೀ ಪೊಳ್ಳು. ಅದಕ್ಕೇ ಮೊದಲೇ ಫೋನಿಗೆ ಮೆಸೇಜು ಬರುತ್ತೆ: ಇವತ್ತು ಮಂಜುಗಡ್ಡೆಯ ಮೇಲೆ ಕಾಲಿಡಬೇಡಿ.

ಸಿಗ್ಗಾಳ ಗಂಡ ಹೇಯ್ಕಾ ಹಿಮಸಾರಂಗ ಮೇಯಿಸೋನು, ದಿನಾ ಆ ಮಂಜುಗಡ್ಡೆ ದಾಟೋನು. ಹಿಮದಲ್ಲಿ ಮೂರು ಫೋನು ಕಳೆದ ಪುಣ್ಯಾತ್ಮ. "ಮೆಸೇಜು ನಿನ್ನ ನಂಬರಿಗೇ ಬರಲಿ ಕಣೇ. ವಾಕಿಟಾಕಿಯಲ್ಲಿ ಒಂದು ಕೂಗು ಹಾಕು. ಯಾರ ಮಾತು ಕೇಳದಿದ್ರೂ ನಿನ್ನ ಮಾತು ಕೇಳ್ತೀನಲ್ಲ" ಅಂದಿದ್ದ.

ಇವಳು ಕಸ ಗುಡಿಸೋಕೆ ಸೇರಿದ್ದು ಅದೇ ಯಂತ್ರದ ಮನೆಗೆ. ಅಲ್ಲಿ ಒಳಗೆ ಫೋನು, ವಾಕಿಟಾಕಿ ಒಯ್ಯೋ ಹಾಗಿಲ್ಲ. ಗೇಟಿನ ಹತ್ತಿರ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಗಂಟೆಗೊಮ್ಮೆ ಬಂದು ನೋಡಿ ಹೋಗುತ್ತಿದ್ದಳು. ಹೋದ ವರ್ಷ ಹೊಸ ಕಟ್ಟಡ ಶುರುವಾದ ದಿನ ಕೇಕು ಹಂಚಿದರು. ಅದೊಂದು ಸಲ ಹೊರಗೆ ಬರಲಿಲ್ಲ. ಬಂದು ಪೆಟ್ಟಿಗೆ ತೆಗೆದಾಗ ಮೆಸೇಜು ಬಂದು ಒಂದೂವರೆ ಗಂಟೆ ಕಳೆದಿತ್ತು. ಕೂಗಿದಳು... ಕೂಗಿದಳು... ವಾಕಿಟಾಕಿಯಲ್ಲಿ ಬರೀ ಗರಗರ ಸದ್ದು. ಮಂಜುಗಡ್ಡೆ ಕುಸಿದ ಕಡೆ ಅವನ ಟೋಪಿ ಸಿಕ್ಕಿತು. ಅವನು ಸಿಗಲಿಲ್ಲ.

ಮೆಸೇಜೇ ತಡವಾಗಿ ಬಂತು ಅಂತ ಊರಿಗೆಲ್ಲ ಹೇಳಿದಳು. ಅತ್ತೆಯ ಮುಂದೂ ಅದೇ ಸುಳ್ಳು. ಆಕೆ ಪಾಪ, ಅಣೆಕಟ್ಟಿನವರಿಗೆ ಶಾಪ ಹಾಕುತ್ತಾ ಸೊಸೆಯ ತಲೆ ಸವರೋರು. ಆ ಕೈ ತಲೆಯ ಮೇಲೆ ಬಂದಾಗೆಲ್ಲ ಇವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸೋದು.

ಸರಿ. ಕಟ್ಟಡದ ಹಿಂಭಾಗಕ್ಕೆ ಬಂದಳು. ಅಲ್ಲಿ ಬಿಸಿಗಾಳಿ ಬಿಡುವ ದೊಡ್ಡ ಜಾಲರಿಗಳಿವೆ. ತೊಟ್... ನಿಂತಳು. ತೊಟ್... ತೊಟ್...

ಅಷ್ಟು ಚಳಿಯಲ್ಲಿ ನೀರು ತೊಟ್ಟಿಕ್ಕೋದು ಎಲ್ಲಿಂದ ಬಂತು?

ಜಾಲರಿಗೆ ಬೆನ್ನು ಕೊಟ್ಟು ಒಬ್ಬ ಕೂತಿದ್ದ. ಬರಿಗಾಲು. ಪಕ್ಕದಲ್ಲಿ ಚರ್ಮದ ಬೂಟು. ಬೂಟಿನೊಳಗೆ ಕಾಲು ಬೆಚ್ಚಗಿರಲಿ ಅಂತ ತುರುಕುವ ಹುಲ್ಲನ್ನು ಬಿಸಿಗಾಳಿಗೆ ಹಿಡಿದು ಎಡಗೈಯಲ್ಲಿ ಬಿಡಿಸುತ್ತಿದ್ದ. ಈ ಕಾಲದಲ್ಲೂ ಉಣ್ಣೆಯ ಕಾಲುಚೀಲ ಬಿಟ್ಟು ಹುಲ್ಲು ಹಾಕ್ತಿದ್ದೋನು ಊರಿಗೊಬ್ಬನೇ. ಅದನ್ನು ಕೊಯ್ದು, ಬಡಿದು ಮೆತ್ತಗೆ ಮಾಡಿ ಕೊಡ್ತಿದ್ದೋಳು ಸಿಗ್ಗಾ.

"ಹೇಯ್ಕಾ...?"

"ಒಣಗ್ತಾನೇ ಇಲ್ಲ ಕಣೇ" ಅಂದ, ಪಿಸುದನಿಯಲ್ಲಿ. "ವರ್ಷ ಆಯ್ತು..."

ಅವಳು ಒಂದು ಹೆಜ್ಜೆ ಹತ್ತಿರ ಹೋದಳು. ಅವನು ಹುಲ್ಲಿನಿಂದ ಕಣ್ಣೆತ್ತದೇ ಕೇಳಿದ:

"ಅವತ್ತು ಮೆಸೇಜು ಬರ್ಲಿಲ್ವಾ?"

ಊರಿಗೆಲ್ಲ ಹೇಳಿದ್ದ ಸುಳ್ಳು ನಾಲಿಗೆ ತುದಿಗೆ ಬಂತಂತೆ. ನುಂಗಿಕೊಂಡಳು.

"ಬಂದಿತ್ತು. ಹನ್ನೆರಡಕ್ಕೇ ಬಂದಿತ್ತು. ನಾನು... ಕೇಕಿಗೆ ಅಂತ ನಿಂತಿದ್ದೆ."

ಹೂಂ... ಫ್ಯಾನುಗಳು. ತೊಟ್... ತೊಟ್...

"ಚೆನ್ನಾಗಿತ್ತಾ?" ಅಂದ.

"ಏನು?"

"ಕೇಕು."

ಅಯ್ಯೋ, ಅವನೇ. ಬದುಕಿದ್ದಾಗಲೂ ಹೀಗೇ, ಅಳುವ ಹೊತ್ತಿಗೆ ತಮಾಷೆ.

"ನಂಗೇನೋ ಗೊತ್ತು? ನಾನು ತಿನ್ಲೇ ಇಲ್ಲ" ಅಂತ ಬಿಕ್ಕಿದಳು. "ಒಬ್ಬೊಬ್ರಿಗೆ ಒಂದೇ ತುಂಡು. ನಿಂಗೆ ಅಂತ ಕಾಗದದಲ್ಲಿ ಸುತ್ತಿ ತಂದಿದ್ದೆ ಕಣೋ..."

ಇವಳು ಕಣ್ಣೊರೆಸಿಕೊಂಡು ನೋಡಿದರೆ ಜಾಲರಿಯ ಮುಂದೆ ಯಾರೂ ಇಲ್ಲ. ತೊಟ್ಟಿಕ್ಕುವ ಸದ್ದೂ ನಿಂತಿತ್ತು.

ಸೀದಾ ಅತ್ತೆಯ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟಳು. ಅತ್ತೆ ಆಮೇಲೆ ಅವಳ ತಲೆ ಸವರಲಿಲ್ಲ. ಹೊರಗೆ ಹೋಗು ಅಂತಾನೂ ಅನ್ನಲಿಲ್ಲ. ಒಲೆಗೆ ಎರಡು ಸೌದೆ ಜಾಸ್ತಿ ಹಾಕಿದರು, ಅಷ್ಟೇ.

ಮಾರನೇ ದಿನ ಅವಳನ್ನು ಕರೆದುಕೊಂಡು ಬರೋಕೆ ಗೇಟಿಗೆ ಹೋದವಳು ನಾನೇ. ಕೀಲಿ ಅವಳ ಕೊರಳಲ್ಲೇ ಇತ್ತು. ಪೆಟ್ಟಿಗೆ ತೆಗೆದಳು, ಕ್ಲಿಕ್... ಫೋನಿನ ಮೇಲೆ ಒಂದು ಹಿಡಿ ಬೂಟಿನ ಹುಲ್ಲು, ಉಂಗುರದ ಹಾಗೆ ಸುತ್ತಿಟ್ಟದ್ದು. ಎಡಗೈಯವರು ಸುತ್ತುವ ಹಾಗೆ, ತಿರುಗಾಮುರುಗಾ. ನಂಬೋರು ನಂಬಿ, ಬಿಡೋರು ಬಿಡಿ. ದೇವರಾಣೆ, ಈ ಕೈಯಲ್ಲೇ ಮುಟ್ಟಿ ನೋಡಿದ್ದೀನಿ. ಹುಲ್ಲು ಒಣಗಿತ್ತು.