ಕ್ಯಾಪ್ ಹಾಕಿಸದ ಹಲ್ಲು

ಕಲಬುರಗಿಯ ಹಲ್ಲಿನ ದವಾಖಾನೆಯೊಂದರಲ್ಲಿ ನನ್ನ ಪಕ್ಕ ಕಮಲಾಪುರದ ತಾಯಿ, ಮಗಳು ಕೂತಿದ್ದರು. ತಾಯಿ ದವಡೆ ಹಿಡಿದುಕೊಂಡಿದ್ದರು. ಡಾಕ್ಟರು ಅಂದದ್ದನ್ನು ಮಗಳು ಅವರಿಗೆ ಹೇಳುತ್ತಿದ್ದಳು.

“ಯವ್ವಾ, ಹಲ್ಲು ಸೀಳ್ಯಾದಂತ. ಕೀಳಲೇಬೇಕಂತ.”

“ಕೀಳ್ಲಿ ಬಿಡು.”

“ರೂಟ್ ಕೆನಾಲ್ ಮಾಡಿದಾಗೇ ಕ್ಯಾಪ್ ಹಾಕಸ್ರಿ ಅಂದಿದ್ರು. ನಾನಾ ತಡಿ ಅಂದೆ.”

“ನಿಮ್ಮ ಆಫೀಸಿನ ಇನ್ಶೂರೆನ್ಸ್‌ದಾಗ ಆಗ್ತದಂತ ಅಂದಿದ್ದಿ.”

“ಪಾಲಿಸಿ ಓದಲಾರದ ಅಂದಿದ್ದೆ. ವರ್ಷ ಕಾದ ಮ್ಯಾಲ, ಹಲ್ಲಿಂದು ಅದರಾಗ ಬರಂಗಿಲ್ಲ ಅಂದ್ರು ಇನ್ಶೂರೆನ್ಸ್‌ನವ್ರು.”

“ನಂದೂ ತಪ್ಪದ, ವಿಜಯಶ್ರೀ. ಆ ಕಡಿ ಅಗಿಬ್ಯಾಡ ಅಂದಿದ್ರು, ಅದೇ ಕಡಿ ರೊಟ್ಟಿ ಅಗಿದೆ.”

“ಹಲ್ಲು ನೂಸಾಕತ್ತಿದ್ದು ಯಾಕ ಹೇಳಲಿಲ್ಲ?”

“ಹೇಳಿದ್ರ ನನ್ನಿಂದ ಆತು ಅಂತ ಅಳ್ತಿದ್ದಿ.”

“ಈಗೂ ಅಳಾಕತ್ತೀನಲ್ಲ.”

ಒಳಗಿನಿಂದ “ಭೀಮಬಾಯಿ” ಎಂದು ಕರೆದರು. ತಾಯಿ ಸೆರಗಿನಿಂದ ಮಗಳ ಕಣ್ಣೊರೆಸಿ ಎದ್ದರು. ಇಬ್ಬರೂ ಒಟ್ಟಿಗೇ ಒಳಗೆ ಹೋದರು.